ತಡೆದುಕೊಂಡ ನೀರು

"ಅಲ್ಲಾಡಬೇಡ ಅಂದ್ನಲ್ಲ, ಕಿವಿ ಕೇಳಲ್ವೇನೇ? ದನಕ್ಕಾದ್ರೂ ಒಂದ್ಸಲ ಹೇಳಿದ್ರೆ ತಿಳಿಯುತ್ತೆ."

ದೊಡ್ಡ ಡಾಕ್ಟರು ಟೀವಿಯಂಥ ಆ ಪೆಟ್ಟಿಗೆಯ ಮೇಲಿನ ಕಣ್ಣು ತೆಗೆಯದೆ ಬೈದರು. ಅಲ್ಲಾಡದೆ ಇನ್ನೇನು ಮಾಡಲಿ? ಬೆಳಿಗ್ಗೆ ನರ್ಸಮ್ಮ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಉಚ್ಚೆಗೆ ಹೋಗಬೇಡ, ತುಂಬಿದ್ದರೇನೇ ಸ್ಕ್ಯಾನಿಂಗಿನಲ್ಲಿ ಸರಿಯಾಗಿ ಕಾಣುವುದು ಎಂದಿದ್ದಳು. ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕಾಲಿಗೆ ಕಾಲು ಹೆಣೆದು ಕೂತಿದ್ದೆ.

"ಸಿಮೆಂಟು ಬಾಂಡ್ಲಿ ಹೊರೋಳು, ಒಂದು ಚೆಂಬು ನೀರು ಹೊರೋಕಾಗಲ್ವೇನೇ?" ಎಂದು ಬೆಂಚಿನಲ್ಲಿ ಪಕ್ಕ ಕೂತಿದ್ದ ಅತ್ತೆ ರೇಗಿಸಿದ್ದಳು. ನಗು ಬಂದಿತ್ತು. ನಕ್ಕರೆ ಎಲ್ಲಿ ಬಿಟ್ಟುಹೋಗುತ್ತದೋ ಎಂದು ಹಲ್ಲು ಕಚ್ಚಿದ್ದೆ.

ಬಾಂಡ್ಲಿ ಹೊರುವಾಗಲೇ ರಕ್ತ ಕಂಡದ್ದು. ಹೋದ ಬಸಿರಿನಲ್ಲೂ ಹೀಗೇ ಆಗಿತ್ತು, ಇದೇ ಆಸ್ಪತ್ರೆಗೆ ಬಂದಿದ್ದೆ. ಮಗು ಹೋಯಿತು ಎಂದರು. ಯಾಕೆ ಎಂದರೆ ನಿನ್ನ ಹಣೆಬರಹ ಎಂದರು. ಈ ಸಲ ನನಗೆ ಅದೊಂದು ತಿಳಿಯಬೇಕಿತ್ತು. ಇದಾದರೂ ಉಳಿಯುತ್ತದಾ? ಉಳಿಯಬೇಕಾದರೆ ನಾನೇನು ಮಾಡಬೇಕು?

ಡಾಕ್ಟರ ಮುಖ ಇದ್ದಕ್ಕಿದ್ದಂತೆ ಅರಳಿತು. ಡಾಕ್ಟರಿಕೆ ಕಲಿಯುತ್ತಿದ್ದ ಹುಡುಗ ಹುಡುಗಿಯರನ್ನೆಲ್ಲ ಕೂಗಿ ಕರೆದರು.

"ಬನ್ರೋ, ಎಲ್ಲ ಬನ್ನಿ. ಹೊಕ್ಕುಳಬಳ್ಳಿ ಮಾಸಿನ ನಡುವೆ ಇರೋದು ಬಿಟ್ಟು ಅಂಚಿನ ಪೊರೆಗೆ ಹೋಗಿ ಅಂಟಿದೆ ನೋಡಿ. ಇಂಥದ್ದನ್ನ ಪುಸ್ತಕದಲ್ಲಷ್ಟೇ ನೋಡಿರ್ತೀರಿ. ಇವತ್ತು ನಿಮ್ಮ ಅದೃಷ್ಟ."

ಬಟ್ಟೆ ತೊಡೆಯವರೆಗೆ ಜಾರಿತ್ತು. ಎಳೆದುಕೊಳ್ಳಲು ಹೋದರೆ ನರ್ಸಮ್ಮ ಕೈಗೆ ಹೊಡೆದಳು. ಒಬ್ಬೊಬ್ಬರಾಗಿ ಬಂದು ಆ ಯಂತ್ರದ ಹಿಡಿಯನ್ನು ಹೊಟ್ಟೆಯ ಮೇಲೆ ಒತ್ತಿದರು. ಒಬ್ಬ ಒತ್ತಿದ್ದು ಸಾಲದೆಂದು ಡಾಕ್ಟರು ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಅದುಮಿದರು. ನನ್ನ ಜೀವ ಬಾಯಿಗೆ ಬಂತು.

"ಏನಾಗಿದೆ ಸ್ವಾಮಿ ನನ್ನ ಮಗೂಗೆ?"

"ಬಾಯಿ ಮುಚ್ಕೊಂಡು ಮಲಕ್ಕೋ."

"ಅದೃಷ್ಟ ಅಂದ್ರಲ್ಲ. ಒಳ್ಳೇದಾ, ಕೆಟ್ಟದ್ದಾ?"

"ಹೇಳಿದ್ರೆ ತಿಳಿಯೋ ತಲೆನಾ ಅದು? ಹೆಬ್ಬೆಟ್ಟು."

ಎಲ್ಲರೂ ನಕ್ಕರು. ಒಬ್ಬ ಹುಡುಗಿ ಮಾತ್ರ ನಗಲಿಲ್ಲ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕೂ ತ್ರಾಣ ಬೇಕಲ್ಲ. ಮೆಲ್ಲಗೇ ಹೇಳಿದೆ.

"ಸ್ವಾಮಿ, ನೀವು ಹೇಳಿದ್ರಿ ಅಂತ ಬೆಳಿಗ್ಗೆಯಿಂದ ಉಚ್ಚೆ ಹಿಡ್ಕೊಂಡಿದೀನಿ. ಮಗೂಗೆ ಏನಾಗಿದೆ ಹೇಳಿ, ಇವರೆಲ್ಲ ನೋಡಿ ಮುಗಿಸೋವರೆಗೂ ಹಿಡ್ಕೋತೀನಿ. ಹೇಳ್ದಿದ್ರೆ ಇಲ್ಲೇ ಬಿಡ್ತೀನಿ."

"ಎಷ್ಟು ಕೊಬ್ಬು ನೋಡು ಈ ಮುಂಡೇಗೆ," ಎಂದು ಡಾಕ್ಟರು ಹಿಡಿಯನ್ನು ಮುಂದಿನವನಿಗೆ ಕೊಟ್ಟರು. "ನೀನು ನೋಡಪ್ಪ."

ಬಿಟ್ಟೆ.

ತೊಡೆಯಡಿ ಬಿಸಿಯಾಗಿ ಹರಿದು, ಮೇಜಿನಂಚಿನಿಂದ ಡಾಕ್ಟರ ಬೂಟಿನ ಮೇಲೆ ಸುರಿಯಿತು. ಹುಡುಗರು ಹಿಂದಕ್ಕೆ ಹಾರಿದರು. ನರ್ಸಮ್ಮ ಬೈಯುತ್ತಲೇ ವೈರು ಎತ್ತಿ ಹಿಡಿದಳು.

"ಥೂ, ಹೊಲಸು ಮುಂಡೆ. ಎದ್ದು ಆಚೆ ಹೋಗೇ," ಎಂದು ಡಾಕ್ಟರು ಅರಚಿದರು.

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಕಣ್ಣಲ್ಲಿ ನೀರೂ ಬಂತು. ಆದರೂ ಏಳಲಿಲ್ಲ. ಎರಡೂ ಕೈಯಲ್ಲಿ ಮೇಜಿನಂಚು ಹಿಡಿದು ಮಲಗಿಯೇ ಇದ್ದೆ. ಗಲಾಟೆ ಕೇಳಿ ಒಳಬಂದ ಅತ್ತೆ ನನ್ನನ್ನು ನೋಡಿದಳು, ಒದ್ದೆ ನೆಲ ನೋಡಿದಳು. ಬೈಯಲಿಲ್ಲ. ಬಾಗಿಲು ಮುಚ್ಚಿ, ಸೊಂಟ ಹಿಡಿದುಕೊಂಡು, ಬಾಗಿಲಿಗೇ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಈಗ ಹೇಳಿ," ಎಂದೆ.