ಓದದೆ ಒತ್ತಿದ ಹೌದು

ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವುದು ನಾಲ್ಕು ಗಂಟೆಗೆ ಎಂದು ಆಸ್ಪತ್ರೆಯವರು ಹೇಳಿದ್ದರು. ಪೊರೆ ಬಂದು ಆರು ವರ್ಷವಾಗಿತ್ತು. ಆಪರೇಷನ್ ಎಂಬ ಮಾತೆತ್ತಿದರೆ ಊಟ ಬಿಟ್ಟು ಏಳುವವಳು ಕೊನೆಗೂ ಒಪ್ಪಿದ್ದು ಒಂದೇ ಒಂದು ಕರಾರಿನ ಮೇಲೆ.

"ಪಟ್ಟಿ ಬಿಚ್ಚಿದಾಗ ಮೊದ್ಲು ನಿನ್ನ ಮುಖಾನೇ ಕಾಣ್ಬೇಕು. ಉಳಿದೋರೆಲ್ಲ ಆಮೇಲೆ."

ಪಕ್ಕದಲ್ಲೇ ಕೂತಿದ್ದ ತಂಗಿಯ ಮುಖ ಚಿಕ್ಕದಾಯಿತು, ಅದು ಬೇರೆ ಮಾತು. ನಾನು ಬರುತ್ತೇನೆಂದು ಮಾತು ಕೊಟ್ಟೆ.

ಅಂದು ಎರಡು ಗಂಟೆಗೆ ನಾನು ಕಚೇರಿಯ ನೆಲಮಾಳಿಗೆಯಲ್ಲಿ, ಹಳೆಯ ದಾಖಲೆಗಳ ಕೋಣೆಯಲ್ಲಿದ್ದೆ. ಕಿಟಕಿಯಿಲ್ಲದ, ಮೊಬೈಲಿಗೆ ಸಿಗ್ನಲ್ ಬಾರದ, ಕಾಗದ ಹಾಳಾಗದಿರಲೆಂದು ಸದಾ ತಣ್ಣಗಿಟ್ಟ ಕೋಣೆ ಅದು. ಬಾಗಿಲಿಗೆ ಬೀಗದ ಕೈಯಿಲ್ಲ. ಮೂಲೆಯಲ್ಲಿರುವ ಕಂಪ್ಯೂಟರು, ಒಂದು ಲಿನಕ್ಸ್ ಯಂತ್ರ, ನಮ್ಮ ಕಾರ್ಡು ನೋಡಿ ಒಪ್ಪಿದರೆ ಬಾಗಿಲು ತೆರೆಯುತ್ತದೆ. ಹೊರಗೆ ಹೋಗುವ ಹೊತ್ತೂ ದಾಖಲಾಗಬೇಕೆಂದು ಸಾಹೇಬರು ಹಟ ಹಿಡಿದದ್ದರಿಂದ ಒಳಗಿನ ಗುಂಡಿಯನ್ನೂ ಅದೇ ಯಂತ್ರಕ್ಕೆ ಜೋಡಿಸಲಾಗಿತ್ತು. ಜೋಡಿಸಿದವಳು ನಾನೇ. ಯಂತ್ರ ಮುಟ್ಟುವಾಗ ಇಬ್ಬರು ಇರಲೇಬೇಕು, ಬಾಗಿಲು ಮುಚ್ಚಿರಬೇಕು ಎಂಬ ನಿಯಮವೂ ಇತ್ತು. ಹಾಗಾಗಿ ದಾಖಲೆ ಪಾಲಕರು ಜೊತೆಗಿದ್ದರು. ಬೆನ್ನ ಹಿಂದೆ ನಾವೆಲ್ಲ ಅವರನ್ನು ತಾಳ್ಮೆರಾಯರು ಎನ್ನುತ್ತೇವೆ. ಒಂದು ಲಕೋಟೆ ತೆರೆಯಲು ಅವರಿಗೆ ಕಾಲು ಗಂಟೆ ಬೇಕು.

ಆ ಯಂತ್ರದಲ್ಲಿದ್ದದ್ದು ಸ್ಟೇಬಲ್ ಆವೃತ್ತಿ. ಪ್ಯಾಕೇಜುಗಳನ್ನೆಲ್ಲ, ಅಂದರೆ ತಂತ್ರಾಂಶದ ಬಿಡಿ ಕಟ್ಟುಗಳನ್ನೆಲ್ಲ, ಒಂದಕ್ಕೊಂದು ಹೊಂದಿಸಿ, ಪರೀಕ್ಷಿಸಿ, ಇನ್ನು ಕೈಯಾಡಿಸಬೇಡಿ ಎಂದು ಕೊಟ್ಟದ್ದು. ನಾಲ್ಕು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೆ ಮರುದಿನದಿಂದ ಅಮ್ಮನಿಗಾಗಿ ನನಗೆ ನಾಲ್ಕು ದಿನ ರಜೆ. ಯಾರೋ ಕಾರ್ಡು ಮರೆತು ಬಂದರೂ ನನಗೇ ಫೋನು ಬರುತ್ತದೆ. ಬಾಗಿಲಿನ ತಂತ್ರಾಂಶದ ಹೊಸ ಆವೃತ್ತಿ ಹಾಕಿಬಿಟ್ಟರೆ ಮೇಲಿನ ಕಾವಲುಗಾರನೇ ತನ್ನ ಮೇಜಿನಿಂದ ತೆರೆದುಕೊಡಬಹುದಿತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಯಂತ್ರಕ್ಕೆ ಇಂಟರ್ನೆಟ್ ಇಲ್ಲವಾದ್ದರಿಂದ ಲಿನಕ್ಸ್‌ನ ಮುಂದಿನ ಬಿಡುಗಡೆಯ ಪ್ಯಾಕೇಜುಗಳನ್ನೆಲ್ಲ ಒಂದು ಡಿಸ್ಕಿನಲ್ಲಿ ತುಂಬಿಕೊಂಡು ಬಂದಿದ್ದೆ.

ನಾನು ಕೇಳಿದ್ದು ಒಂದೇ ಪ್ಯಾಕೇಜು. ಅದು ತನ್ನ ಬಂಧುಬಳಗವನ್ನೆಲ್ಲ ಕರೆತಂದಿತು. ಪರದೆಯ ತುಂಬ ಹೆಸರುಗಳು ಸರಸರನೆ ಹರಿದವು, ಕೊನೆಗೆ ಮುಂದುವರಿಯಲೇ ಎಂಬ ಪ್ರಶ್ನೆ. ಇಪ್ಪತ್ತು ವರ್ಷದ ರೂಢಿ, ಬೆರಳು ತಾನಾಗಿಯೇ ಹೌದು ಎಂದು ಒತ್ತಿತು.

"ಅದೇನೋ ಪಟ್ಟಿ ಬಂತಲ್ಲ, ಓದಿದ್ರಾ?" ರಾಯರು ಕೇಳಿದರು.

"ಅದನ್ನೆಲ್ಲ ಯಾರು ಓದ್ತಾರೆ ರಾಯರೇ."

ಕೆಲಸ ಮುಗಿದಾಗ ಎರಡೂವರೆ. ಗುಂಡಿ ಒತ್ತಿದೆ. ಬಾಗಿಲು ಅಲುಗಲಿಲ್ಲ. ಕಾರ್ಡು ಹಿಡಿದೆ, ಕೆಂಪು ದೀಪ ಕೂಡ ಹತ್ತಲಿಲ್ಲ. ಯಂತ್ರದ ಬಳಿ ಬಂದು ನೋಡಿದರೆ ಎಲ್ಲ ಪ್ರೋಗ್ರಾಮುಗಳಿಗೂ ತಳಪಾಯವಾಗಿದ್ದ, ಲೈಬ್ರರಿ ಎಂದು ನಾವು ಕರೆಯುವ ಪ್ಯಾಕೇಜೇ ಬದಲಾಗಿತ್ತು. ಕಾರ್ಡು ಓದುವ ಹಳೆಯ ಪ್ರೋಗ್ರಾಮಿಗೆ ಹೊಸ ತಳಪಾಯ ಒಗ್ಗದೆ ಅದು ಏಳಲೊಲ್ಲದು. ಅದು ಏಳದೆ ಬಾಗಿಲಿಲ್ಲ.

ಯಂತ್ರವನ್ನು ಆರಿಸಿ ಹಚ್ಚಿದೆ. ಬಾಗಿಲು ಬಡಿದೆ, ಕೂಗಿದೆ. ಕಾವಲುಗಾರ ಎರಡು ಮಹಡಿ ಮೇಲೆ, ಕೆಳಗಿಳಿಯುವುದು ಆರು ಗಂಟೆಗೆ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆರು ವರ್ಷ ಕತ್ತಲಲ್ಲಿ ಕೂತವಳು ಕೇಳಿದ್ದು ಒಂದೇ, ಅದನ್ನೂ ನಾನೇ ಕೈಯಾರೆ ಹಾಳು ಮಾಡಿಕೊಂಡಿದ್ದೆ. ಪರದೆಯ ಕಪ್ಪಿನಲ್ಲಿ ನನ್ನ ಮುಖ ಕಾಣುತ್ತಿತ್ತು, ನರೆತ ತಲೆ, ದಪ್ಪ ಕನ್ನಡಕ, ಇಳಿಬಿದ್ದ ಕೆನ್ನೆ. ಎರಡೇಟು ಹಾಕಬೇಕೆನಿಸಿತು.

"ಹಳೇದನ್ನೇ ವಾಪಸ್ ಹಾಕೋಕಾಗಲ್ವಾ?" ಎಂದರು ರಾಯರು.

"ಹಳೇದು ಎಲ್ಲಿದೆ? ಡಿಸ್ಕಲ್ಲಿರೋದೆಲ್ಲ ಹೊಸದು. ಯಂತ್ರದಲ್ಲಿ ಉಳ್ಕೊಂಡಿದ್ದನ್ನ ತಿಂಗಳು ತಿಂಗಳು ನಾನೇ ಗುಡಿಸಿ ಹಾಕ್ತೀನಿ."

ರಾಯರು ಎದ್ದು ತಮ್ಮ ಕಬ್ಬಿಣದ ಬೀರು ತೆರೆದರು. ಬಟ್ಟೆ ಸುತ್ತಿ, ತಾರೀಕು ಬರೆದಿಟ್ಟ ಮೂರು ಡಿವಿಡಿಗಳು ಹೊರಬಂದವು. ನಾಲ್ಕು ವರ್ಷದ ಹಿಂದೆ ಯಂತ್ರ ಕೂರಿಸಿದಾಗಿನವು. ಎಸೆಯಿರಿ ಎಂದು ಎಷ್ಟು ಸಲ ನಕ್ಕಿದ್ದೆನೋ.

ಬದಲಾದದ್ದು ಎಪ್ಪತ್ತಮೂರು ಪ್ಯಾಕೇಜು. ಯಂತ್ರ ತಾನೇ ಬರೆದಿಡುವ ದಿನಚರಿ ಕಡತದಲ್ಲಿ ಪ್ರತಿಯೊಂದರ ಹಳೆಯ ಆವೃತ್ತಿ ಸಂಖ್ಯೆಯಿತ್ತು. ರಾಯರು ಓದುವುದು, ನಾನು ಹುಡುಕಿ ಎತ್ತಿಡುವುದು. ಒಂದೊಂದು ಹೆಸರನ್ನೂ ಚುಕ್ಕಿ ಸಮೇತ ಓದಿ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ಮುಂದಿನದು. ಮೂರೂಕಾಲಿಗೆ ಇಪ್ಪತ್ತೆಂಟು ಆಗಿತ್ತು. ನಲವತ್ತು ದಾಟುವಷ್ಟರಲ್ಲಿ ಗಡಿಯಾರ ನೋಡಿ ನೋಡಿ ನನ್ನ ತಲೆ ಕೆಟ್ಟಿತು.

"ಬೇಗ ಓದಿ ರಾಯರೇ, ನಿಮ್ಮ ಕಾಲು ಹಿಡ್ಕೋತೀನಿ. ಅಲ್ಲಿ ನಮ್ಮಮ್ಮ ಕಾಯ್ತಿದಾಳೆ."

"ಗೊತ್ತಮ್ಮ. ನಲವತ್ತೊಂದನೇದು ಬಿಟ್ರಿ ನೋಡಿ."

ಬಿಟ್ಟಿದ್ದೆ. ಅದನ್ನು ಬಿಟ್ಟೇ ಹಾಕಿದ್ದರೆ ಯಂತ್ರ ಇನ್ನಷ್ಟು ಕೆಡುತ್ತಿತ್ತು. ತೆಪ್ಪಗೆ ಅವರ ವೇಗಕ್ಕೆ ಇಳಿದೆ.

"ಈ ಹಳೇದಕ್ಕೇ ಹೊಂದೋ ಹಾಗೆ ಮಾಡಿರೋ ಹೊಸದು ಸಿಗಲ್ವಾ?" ಎಂದರು ನಡುವೆ.

ಸಿಗುತ್ತಿತ್ತು. ಬಾಗಿಲಿನ ತಂತ್ರಾಂಶವನ್ನೇ ಸ್ಟೇಬಲ್‌ಗೆಂದು ಮತ್ತೆ ಕಟ್ಟಿಕೊಟ್ಟದ್ದು. ಒಂದು ಸಂಖ್ಯೆ ಹಿಂದಿನದೆಂದು ನಾನೇ ಮೂಗು ಮುರಿದಿದ್ದೆ. ಮುಂದಿನ ಹೆಸರು ಓದಿ ಎಂದೆ.

ನಾಲ್ಕು ಗಂಟೆ ಅದೇ ಕೋಣೆಯಲ್ಲಿ ಬಂದು ಹೋಯಿತು. ಇಬ್ಬರೂ ಗಡಿಯಾರ ನೋಡಿದೆವು. ರಾಯರು ಅರವತ್ತಾರನೆಯ ಹೆಸರು ಓದಿದರು.

ನಾಲ್ಕೂ ಇಪ್ಪತ್ತಕ್ಕೆ ಬಾಗಿಲು ಟಕ್ ಎಂದಿತು. ರಾಯರಿಗೆ ಥ್ಯಾಂಕ್ಸ್ ಹೇಳಲೂ ನಿಲ್ಲದೆ ಓಡಿದೆ.

ವಾರ್ಡಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತೆ. ಅಮ್ಮ ದಿಂಬಿಗೊರಗಿ ಕೂತು ಕಿಟಕಿ, ಗೋಡೆ, ತನ್ನದೇ ಕೈ, ಎಲ್ಲವನ್ನೂ ನೋಡುತ್ತಿದ್ದಳು. ಕಣ್ಣು ತಿಳಿಯಾಗಿತ್ತು. ಪಕ್ಕದ ಕುರ್ಚಿ ಖಾಲಿಯಿತ್ತು, ತಂಗಿ ಕಾಲ ಬಳಿ ನಿಂತಿದ್ದಳು. ಉಸಿರು ಸುಧಾರಿಸಿಕೊಳ್ಳುತ್ತ ಹೋಗಿ ಆ ಕುರ್ಚಿಯಲ್ಲಿ ಕೂತೆ.

ಅಮ್ಮ ನನ್ನ ಮುಖವನ್ನು ನೇರವಾಗಿ ನೋಡಿದಳು. ಅಪರಿಚಿತರಿಗೆ ನಗುವ ಹಾಗೆ ನಕ್ಕಳು.

"ಬೇಜಾರು ಮಾಡ್ಕೋಬೇಡಿ," ಎಂದಳು. "ಆ ಕುರ್ಚಿ ನನ್ನ ದೊಡ್ಡ ಮಗಳಿಗೆ. ಇನ್ನೇನು ಬಂದ್ಬಿಡ್ತಾಳೆ."

ತಂಗಿ ಬಾಯಿಗೆ ಸೆರಗು ಒತ್ತಿ ಆಚೆ ತಿರುಗಿದಳು.

"ಅಮ್ಮ, ನಾನೇ," ಎಂದೆ.

ಅವಳ ನಗು ನಿಂತಿತು. ನನ್ನ ತಲೆ, ಕನ್ನಡಕ, ಕೆನ್ನೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಕೈ ಚಾಚಿದಳು.

"ಇನ್ನೊಂದ್ಸಲ ಹೇಳು."

"ನಾನೇ ಅಮ್ಮ. ತಡ ಆಯ್ತು."

"ಬಂದ್ಯಾ," ಎಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ತುಂಬಾ ಹೊತ್ತು ಕಣ್ಣು ಬಿಡಲಿಲ್ಲ.