ದಾನಮ್ಮನ ಮರೆ

ನಾನೊಂದು ಪರದೆ. ಹುಟ್ಟಿದ್ದು ಮಾತ್ರ ಸೀರೆಯಾಗಿ, ರಬಕವಿಯ ಮಗ್ಗದ ಮೇಲೆ. ಗಿಳಿಹಸಿರು ಮೈ, ಬದನೆ ಬಣ್ಣದ ಅಂಚು. ಗೌರವ್ವ ನನ್ನನ್ನು ಉಟ್ಟುಕೊಂಡು ಸಂತೆಗೂ ಹೋದಳು, ಬೀಗರ ಮನೆಗೂ ಹೋದಳು. ಮಗಳು ದಾನಮ್ಮನಿಗೆ ಧಾರವಾಡದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆಗ ಅದೇ ಗೌರವ್ವ ನನ್ನನ್ನು ನಡುವೆ ಕತ್ತರಿಸಿ, ತುಂಡುಗಳನ್ನು ಜೋಡಿಸಿ ಹೊಲಿದು, ಮೇಲಂಚಿಗೆ ಹಗ್ಗ ತೂರುವಷ್ಟು ಮಡಿಕೆ ಬಿಟ್ಟಳು. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೊಲಿಯುತ್ತ ಆಕೆಯೇ ಅಳುತ್ತಿದ್ದಳು. ನನ್ನದನ್ನು ನಾನು ದೊಡ್ಡದು ಮಾಡಲಿಲ್ಲ.

ದಾನಮ್ಮನ ಬೆನ್ನು, ಹೊಟ್ಟೆಯ ಮೇಲೆ ಬಿಳಿ ಮಚ್ಚೆಗಳಿದ್ದವು. ತೊನ್ನು. ಮುಖಕ್ಕೂ ಕೈಗೂ ಇನ್ನೂ ಬಂದಿರಲಿಲ್ಲ.

"ಹಾಸ್ಟೆಲಿನಾಗ ಇದನ್ನ ಕಟ್ಟಿಕೊಂಡು, ಒಳಗ ಕುಂತು ಮುಲಾಮು ಹಚ್ಗೋ," ಎಂದಳು ಗೌರವ್ವ. "ಯಾರಿಗೂ ತೋರಸಬ್ಯಾಡ ನನ್ನವ್ವಾ. ಮಂದಿ ಔಷಧ ಕೊಡಂಗಿಲ್ಲ, ಹೆಸರು ಕೊಡ್ತಾರ."

ಕೋಣೆಯಲ್ಲಿ ಮೂರು ಮಂಚ, ಒಂದೇ ಫ್ಯಾನು. ಜೊತೆಗೆ ಗದಗಿನ ರೋಹಿಣಿ, ನರಗುಂದದ ಜೈನಾಬಿ. ರೋಹಿಣಿ ಬಾಯಿ ತೆರೆದರೆ ಇಡೀ ಓಣಿಗೆ ಕೇಳಬೇಕು. ಜೈನಾಬಿ ತುಟಿ ಪಿಟಕ್ಕೆನ್ನದ ಹುಡುಗಿ. ದಾನಮ್ಮ ಕಿಟಕಿಯ ಸರಳಿನಿಂದ ಗೋಡೆಯ ಮೊಳೆಗೆ ನೈಲಾನ್ ಹಗ್ಗ ಎಳೆದು ನನ್ನನ್ನು ಇಳಿಬಿಟ್ಟಾಗ ರೋಹಿಣಿ ನಕ್ಕುಬಿಟ್ಟಳು.

"ಏನಲೇ ಇದು, ನಾಟಕ ಕಂಪನಿ ಇಳಿಸೀಯೇನ?"

"ನನಗ ಬೆಳಕಿದ್ರ ನಿದ್ದಿ ಬರಂಗಿಲ್ಲ," ಎಂದು ದಾನಮ್ಮ ಸುಳ್ಳು ಹೇಳಿದಳು.

ಬೇಸಿಗೆ ಬಂದಾಗ ನಾನು ಗಾಳಿ ತಡೆಯುತ್ತೇನೆಂದು ಜಗಳವಾಯಿತು. ದಾನಮ್ಮ ಫ್ಯಾನಿನ ಕೆಳಗಿನ ಮಂಚವನ್ನು ರೋಹಿಣಿಗೆ ಬಿಟ್ಟುಕೊಟ್ಟು, ಬಚ್ಚಲ ಗೋಡೆಯ ಪಕ್ಕದ ತೇವದ ಮೂಲೆಗೆ ಸರಿದಳು. ಮರೆ ಒಂದಿದ್ದರೆ ಸಾಕಿತ್ತು ಅವಳಿಗೆ. ನನ್ನೊಳಗೆ ಅವಳು ಮೇಷ್ಟರ ನಡಿಗೆಯನ್ನು ಅಣಕಿಸುತ್ತಿದ್ದಳು, ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಅಂಗಿ ಕಳಚಿ, ಕೈಗೆಟುಕದ ಬೆನ್ನಿನ ನಡುವಿಗೆ ಮುಲಾಮು ಮುಟ್ಟಿಸಲು ಹೆಣಗುತ್ತಿದ್ದಳು. ಆ ದಾನಮ್ಮನನ್ನು ಹೊರಗಿನವರು ನೋಡೇ ಇಲ್ಲ.

ಒಂದು ದಿನ ಜೈನಾಬಿ ಅಳುಕುತ್ತ ಕೇಳಿದಳು: "ದಾನಾ, ಮಧ್ಯಾಹ್ನ ನೀ ಲ್ಯಾಬಿಗೆ ಹೋದಾಗ ಇದರೊಳಗ ನಮಾಜ್ ಮಾಡ್ಲೇನ?"

"ಮಾಡವಾ, ಅದಕ್ಕ್ಯಾಕ ಕೇಳ್ತಿ?"

ಅಂದಿನಿಂದ ನಾನು ಇಬ್ಬರ ಮರೆಯಾದೆ. ದಿಂಬಿನ ಬದಿಯಲ್ಲಿದ್ದ ಮುಲಾಮಿನ ಟ್ಯೂಬನ್ನು ಜೈನಾಬಿ ಕಂಡಳು, ಓದಿದಳು, ಇದ್ದಲ್ಲೇ ಇಟ್ಟಳು. ಯಾರಿಗೂ ಹೇಳಲಿಲ್ಲ.

ದಾನಮ್ಮನ ಹುಟ್ಟುಹಬ್ಬದ ಸಂಜೆ. ಅವಳು ಒಳಗೆ ಬೆನ್ನು ತೆರೆದು ಕುಳಿತಿದ್ದಳು. ಹೊರಗೆ ಪಿಸುಮಾತು, ಕಿಸಿಕಿಸಿ ನಗು. ಮರುಗಳಿಗೆಗೆ ರೋಹಿಣಿಯ ಕೈ ನನ್ನನ್ನು ಹಿಡಿದು ಜಗ್ಗಿತು. ಹಗ್ಗ ಹರಿಯಿತು. ಕೇಕು ಹಿಡಿದವರು, ಹಾಡುತ್ತಿದ್ದವರು, ಮೊಬೈಲ್ ಎತ್ತಿ ಹಿಡಿದವಳು ಎಲ್ಲರೂ ಒಮ್ಮೆಗೇ ನಿಂತರು. ಹಾಡು ಅರ್ಧಕ್ಕೇ ನಿಂತಿತು. ದಾನಮ್ಮ ನೆಲದಿಂದ ನನ್ನನ್ನೆಳೆದು ಮೈಗೆ ಸುತ್ತಿಕೊಂಡಳು.

"ನಾವು ಚಾಷ್ಟಿಗೆ ಮಾಡಿದ್ವಿ," ಎಂದಳು ರೋಹಿಣಿ. ಆ ದನಿ ಎಂದೂ ಅಷ್ಟು ಸಣ್ಣದಾಗಿರಲಿಲ್ಲ. ವಿಡಿಯೊವನ್ನು ಎಲ್ಲರೆದುರೇ ಅಳಿಸಿಸಿದಳು. ಕಣ್ಣಿಗೆ ಬಿದ್ದದ್ದನ್ನು ಅಳಿಸಲು ಯಾರಿಗೂ ಬರಲಿಲ್ಲ.

ಮುಂದಿನದನ್ನು ನಾನು ಕೇಳಿದ್ದು ದಾನಮ್ಮ ಅವ್ವನಿಗೆ ಫೋನಿನಲ್ಲಿ ಹೇಳುವಾಗ. ಊಟದ ಸಾಲಿನಲ್ಲಿ ಅವಳ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ. ಅವಳು ಮುಟ್ಟಿದ ಲೋಟ ಬೇರೆಯಾಯಿತು. ಇದು ಅಂಟುವ ರೋಗವಲ್ಲ ಎಂದು ಡಾಕ್ಟರರಿಂದ ಬರೆಸಿ ತಂದು ವಾರ್ಡನ್ ಅಕ್ಕೋರಿಗೆ ಕೊಟ್ಟಳು. ಅವರು ಕೋಣೆಗೇ ಬಂದರು.

"ಡಾಕ್ಟರು ಬರದದ್ದು ಖರೇ ಅದವಾ. ಆದ್ರ ಹುಡುಗ್ಯಾರು ಅಂಜತಾವ. ಮೆಟ್ಟಿಲ ಕೆಳಗಿನ ರೂಮು ಖಾಲಿ ಮಾಡಸ್ತೀನಿ. ನಿನಗೂ ಆರಾಮ, ಅಲ್ಲಾ?"

ದಾನಮ್ಮ ರೋಹಿಣಿಯನ್ನು ನೋಡಿದಳು, ಜೈನಾಬಿಯನ್ನು ನೋಡಿದಳು. ಇಬ್ಬರೂ ನೆಲ ನೋಡಿದರು.

ಹಳೆಯ ಮಂಚಗಳನ್ನು ತುಂಬಿಟ್ಟಿದ್ದ ಆ ಕೋಣೆ ಅವಳದಾಯಿತು. ಅಲ್ಲಿ ನನಗೆ ಕೆಲಸವಿರಲಿಲ್ಲ. ಅವಳು ನನ್ನನ್ನು ಮಡಚಿ ತಲೆದಿಂಬಿನ ಕೆಳಗಿಟ್ಟಳು. ಬಾಗಿಲನ್ನು ಹಗಲೆಲ್ಲ ತೆರೆದೇ ಇಡುತ್ತಿದ್ದಳು. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಇಳಿದು ಬರುತ್ತಿತ್ತು, ಬಾಗಿಲ ಬಳಿ ಚುರುಕಾಗುತ್ತಿತ್ತು.

ಒಮ್ಮೆ ಮಾತ್ರ ಜೈನಾಬಿ ಹೊಸ್ತಿಲಲ್ಲಿ ಬಂದು ನಿಂತಳು.

"ನಿನಗ ಮೊದಲ ಗೊತ್ತಿತ್ತು," ಎಂದಳು ದಾನಮ್ಮ. "ಆವತ್ತು ಅವರನ್ನ ಯಾಕ ತಡೀಲಿಲ್ಲ?"

"ತಡದ್ರ 'ಯಾಕ' ಅಂತ ಕೇಳ್ತಿದ್ರು, ದಾನಾ. ಏನಂತ ಹೇಳ್ಲಿ?"

"ಆಮ್ಯಾಲೆ? ಅಕ್ಕೋರು ಬಂದಾಗ?"

ಜೈನಾಬಿ ಹೊಸ್ತಿಲು ದಾಟಲಿಲ್ಲ. ಒಳಗೆ ಬಾ ಎಂದು ದಾನಮ್ಮನೂ ಕರೆಯಲಿಲ್ಲ. ಹುಡುಗಿ ಮೆಟ್ಟಿಲು ಹತ್ತಿ ಹೊರಟುಹೋದಳು. ಆಮೇಲೆ ದಾನಮ್ಮ ನನ್ನನ್ನು ಹೊರಗೆಳೆದು ಮುಖ ಒತ್ತಿಕೊಂಡಳು. ನನ್ನೊಳಗೆ ಅವಳು ಹಾಡಿದ ದಿನಗಳು ನನಗೆ ನೆನಪಿದ್ದವು. ಈ ಕೋಣೆಯಲ್ಲಿ ಅವಳು ಒಮ್ಮೆಯೂ ಹಾಡಲಿಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಹೋಗುವಾಗ ನನ್ನನ್ನು ಮಂಚದ ಮೇಲೇ ಬಿಟ್ಟಳು. ಮರೆತು ಬಿಟ್ಟಳೆಂದು ನಾನು ನಂಬುವುದಿಲ್ಲ. ಕಸ ಗುಡಿಸುವ ಯಲ್ಲವ್ವ ನನ್ನನ್ನು ಹರಿದು ಅಡುಗೆಮನೆಗೆ ಕೊಟ್ಟಳು. ಈಗ ನಾನು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಅಂಚಿನ ಬದನೆ ಬಣ್ಣ ಕೂಡ ಕಾಣದು.

ಸುಡುವುದು ರೂಢಿಯಾಗಿದೆ. ಒಲೆ ಆರಿ, ಮೂಲೆಯಲ್ಲಿ ಬಿದ್ದಿರುವಾಗ ಒಂದೇ ಸಂಗತಿ ಕೊರೆಯುತ್ತದೆ. ಹುಡುಗಿಯೊಬ್ಬಳು ಅಂಗಿ ಬದಲಿಸುವಷ್ಟು ಜಾಗ ಕೇಳಿದಳು. ಅವರು ಅವಳಿಗೆ ಇಡೀ ಕೋಣೆಯನ್ನೇ ಕೊಟ್ಟು, ದೊಡ್ಡ ಉಪಕಾರ ಮಾಡಿದೆವೆಂದುಕೊಂಡರು.