ಆಷಾಢದ ನೀಲಿ ಬಾಗಿಲುಗಳು

ಆ ವರ್ಷವನ್ನು ನೆನೆದರೆ ನನಗೆ ಮೊದಲು ಕಾಣುವುದು ಹನ್ನೊಂದು ನೀಲಿ ಬಾಗಿಲುಗಳು. ನಾಲೆಯ ಏರಿಯ ಕೆಳಗೆ ಒಂದಕ್ಕೊಂದು ಭುಜ ತಾಗಿಸಿ ನಿಂತ ಹನ್ನೊಂದು ಹೊಸ ಮನೆಗಳು, ಬಣ್ಣದ ವಾಸನೆ ಇನ್ನೂ ಆರದ ಬಾಗಿಲುಗಳು, ಎಲ್ಲವೂ ಮುಚ್ಚಿದ್ದವು. ಸೋನೆಮಳೆಯಲ್ಲಿ ಅವು ಹಟ ಹಿಡಿದು ಕಣ್ಣು ಮುಚ್ಚಿಕೊಂಡ ಮಕ್ಕಳಂತೆ ಕಾಣುತ್ತಿದ್ದವು. ನನ್ನ ಅಜ್ಜಿಯ ಕತೆಗಳಲ್ಲಿ ಮನೆಗಳಿಗೆ ಜೀವವಿರುತ್ತಿತ್ತು. ಬಂದವರನ್ನು ಹೊಸಿಲಲ್ಲೇ ನಿಲ್ಲಿಸಿ, ‘ಯಾರು ನೀನು, ಏನು ತಂದೆ?’ ಎಂದು ಕೇಳುತ್ತಿದ್ದವು. ಆದರೆ ಬಾಗಿಲ ತನಕ ಬಂದು ಒಳಗೆ ಹೋಗೆನೆಂದು ನಿಂತವರ ಕತೆಯನ್ನು ಅಜ್ಜಿ ನನಗೆ ಹೇಳಿರಲಿಲ್ಲ.

ಮನೆಯಿಲ್ಲದವರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯೊಂದರಲ್ಲಿ ಅನುದಾನದ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಂಸ್ಥೆ ಎಂದರೆ ದೊಡ್ಡದೇನಲ್ಲ. ಫಿಲೋಮಿನಾ ಮೇಡಂ, ನಾನು, ಎರಡು ಮೇಜು, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಬೀರು. ನಾಲೆಯ ಏರಿಯ ಮೇಲೆ ಟಾರ್ಪಾಲಿನಡಿ ಬದುಕುತ್ತಿದ್ದ ಇಪ್ಪತ್ತು ಕುಟುಂಬಗಳಿಗಾಗಿ ದೂರದ ನಗರದ ಒಂದು ಟ್ರಸ್ಟು ಎರಡು ಕಂತಿನಲ್ಲಿ ಹಣ ಕೊಡಲು ಒಪ್ಪಿತ್ತು. ಮೊದಲ ಕಂತಿನಲ್ಲಿ ಮುಂದಿನ ಸಾಲಿನ ಹನ್ನೊಂದು ಮನೆ ಮುಗಿದು, ಹಿಂದಿನ ಸಾಲಿನ ಒಂಬತ್ತು ಮನೆಗಳಿಗೆ ಗೋಡೆಗಳು ಎದ್ದಿದ್ದವು. ಎರಡನೆಯ ಕಂತು ಬಂದರೆ ಅವಕ್ಕೆ ಛಾವಣಿ. ಷರತ್ತು ಒಂದೇ: ಟ್ರಸ್ಟಿನವರು ತಪಾಸಣೆಗೆ ಬರುವ ದಿನ ಮುಗಿದ ಮನೆಗಳಲ್ಲಿ ಜನ ವಾಸವಾಗಿರಬೇಕು. ಇಲ್ಲದಿದ್ದರೆ ಇಲ್ಲಿ ಮನೆಯ ಅಗತ್ಯವೇ ಇಲ್ಲವೆಂದು ತೀರ್ಮಾನಿಸಿ ಉಳಿದ ಹಣವನ್ನು ಬೇರೆ ಊರಿಗೆ ಕೊಡುತ್ತಾರೆ.

ತಪಾಸಣೆಯ ದಿನವನ್ನು ಅರ್ಜಿಯಲ್ಲಿ ತುಂಬಿದವಳು ನಾನೇ. ಗಾರೆಯವರ ಕೆಲಸ ಎಂದು ಮುಗಿಯುತ್ತದೆಂದು ಲೆಕ್ಕ ಹಾಕಿ, ಅದರ ಮೇಲೆ ಎರಡು ವಾರ ಸೇರಿಸಿ, ಒಂದು ಗುರುವಾರವನ್ನು ಬರೆದಿದ್ದೆ. “ಈ ದಿನಕ್ಕೆ ಏನೂ ತೊಂದರೆ ಇಲ್ಲ ತಾನೇ? ನಿಮ್ಮ ಹಬ್ಬಹುಣ್ಣಿಮೆ ನನಗೆ ತಿಳಿಯಲ್ಲ, ನೀನೇ ನೋಡಮ್ಮ,” ಎಂದು ಮೇಡಂ ಕೇಳಿದ್ದರು. “ಯಾವ ಹಬ್ಬವೂ ಇಲ್ಲ ಮೇಡಂ,” ಎಂದಿದ್ದೆ. ಅದು ನಿಜವೇ. ಹಬ್ಬವಿರಲಿಲ್ಲ. ಆಷಾಢವಿತ್ತು.

ಬೀಗದ ಕೈಗಳನ್ನು ಹಂಚಲು ಹೋದ ದಿನ ನನಗದು ಗೊತ್ತಾಯಿತು. ಮೊದಲ ಮನೆ ಚಿಕ್ಕತಾಯಮ್ಮನದು. ಏರಿಯ ಮೇಲಿನವರೆಲ್ಲ ಅವಳನ್ನು ತಾಯಮ್ಮಜ್ಜಿ ಎನ್ನುತ್ತಿದ್ದರು. ಹೆರಿಗೆಯಿಂದ ಜಗಳದವರೆಗೆ ಅವಳು ಹೇಳಿದ್ದೇ ಕೊನೆ. ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು ಮಡಿಲಿಗೆ ಕಟ್ಟಿಕೊಂಡಳು.

“ಶ್ರಾವಣ ಹುಟ್ಲಿ ಮಗ. ಒಕ್ಲು ಬತ್ತೀವಿ.”

“ಅಜ್ಜಿ, ಅಷ್ಟರಲ್ಲಿ ತಪಾಸಣೆಯವರು ಬಂದು ಹೋಗಿರ್ತಾರೆ.”

“ಬರ್ಲಿ, ಹೋಗ್ಲಿ. ಆಸಾಡದಲ್ಲಿ ಹೊಸಮನೆ ಹೊಸಿಲು ತುಳಿಯೋಕಾಯ್ತದಾ? ನಿಮ್ಮಜ್ಜಿ ನಿನಗೆ ಇಷ್ಟೂ ಹೇಳ್ಕೊಡ್ನಿಲ್ವಾ?”

ನನ್ನ ಮುಖಕ್ಕೆ ರಕ್ತ ನುಗ್ಗಿತು. ಅಜ್ಜಿ ಹೇಳಿಕೊಟ್ಟಿದ್ದಳು. ಅರ್ಜಿ ಬರೆಯುವಾಗ ಮಾತ್ರ ನಾನು ಅಜ್ಜಿಯ ಮೊಮ್ಮಗಳಾಗಿರಲಿಲ್ಲ.

ಟ್ರಸ್ಟಿಗೆ ದಿನ ಬದಲಿಸಿರೆಂದು ಪತ್ರ ಬರೆದೆವು. ಷರತ್ತು ಬದಲಾಗದೆಂದು ಎರಡು ಸಾಲಿನ ಉತ್ತರ ಬಂತು. ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಬೈದವಳು ಸಣ್ಣಮ್ಮ. ಹಿಂದಿನ ಸಾಲಿನ ಛಾವಣಿಯಿಲ್ಲದ ಮನೆಗಳಲ್ಲಿ ಒಂದು ಅವಳದು. ಕಂಕುಳಲ್ಲಿ ಕೆಮ್ಮುವ ಹೆಣ್ಣುಮಗು, ಕೈಯಲ್ಲಿ ತುಂಬುಗಬ್ಬದ ಕೆಂದ ಹಸುವಿನ ಹಗ್ಗ. ನನ್ನನ್ನಲ್ಲ, ತಾಯಮ್ಮಜ್ಜಿಯನ್ನು ಬೈದಳು.

“ನಿಂಗೇನಜ್ಜಿ, ನಿನ್ ಮನೆಗೆ ಹೆಂಚು ಬಿದ್ದದೆ. ನಿನ್ ಆಸಾಡ ಕಾಯೋಕೆ ನನ್ ಕೂಸು ನೆನೀಬೇಕಾ?”

“ಶಾಸ್ತ್ರ ನಾನು ಮಾಡಿದ್ನೇನೇ?”

“ನೀನೇ ಮಾಡ್ದಂಗೆ ಆಡ್ತಿದ್ದೀಯಲ್ಲ.”

ಅಜ್ಜಿ ಮಗುವಿನ ಎದೆಯ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿ ಹೊರಟುಹೋದಳು.

ಬುಧವಾರದ ಹೊತ್ತಿಗೆ ನನಗೆ ಬೇರೆ ದಾರಿ ಕಾಣಲಿಲ್ಲ. ಸಾಲಿನ ಹೆಂಗಸರನ್ನೆಲ್ಲ ಅರಳಿಕಟ್ಟೆಯ ಬಳಿ ಕೂಡಿಸಿ ಹೇಳಿದೆ: ನಾಳೆ ಒಂದು ದಿನ ಮಾತ್ರ ಒಳಗೆ ನಾಲ್ಕು ಪಾತ್ರೆ ಇಡಿ, ಒಂದು ಚಾಪೆ ಹಾಸಿ, ಒಲೆಯಲ್ಲಿ ಒಂದಿಷ್ಟು ಬೂದಿ ಹರಡಿ. ಅವರು ಹೋದ ಮೇಲೆ ಎಲ್ಲ ತೆಗೆದುಬಿಡಿ. ಹೇಳುತ್ತಿರುವಾಗಲೇ ನನ್ನ ದನಿ ನನಗೆ ಪರಿಚಯವಿಲ್ಲದವರ ದನಿಯಂತೆ ಕೇಳಿಸಿತು.

ಹೆಂಗಸರು ತಾಯಮ್ಮಜ್ಜಿಯ ಮುಖ ನೋಡಿದರು.

“ಹಚ್ಚದ ಒಲೇಲಿ ಬೂದಿಯಾ?” ಎಂದಳು ಅವಳು. “ನಾಳೆ ದಿನ ಆ ಒಲೇಲಿ ಅನ್ನ ಬೇಯ್ತದಾ ಮಗ? ಸುಳ್ಳಿಗೆ ಮನೆ ಕೊಡ್ಬೇಡ. ಹೋಗು, ಊಟ ಮಾಡಿ ಮಲಿಕೊ. ಮುಖ ನೋಡು, ಒಣಗಿದ ಹೀರೇಕಾಯಂಗೆ ಆಗದೆ.”

ಯಾರೋ ನಕ್ಕರು. ನನಗೆ ಅಳು ಬಂತು. ಹಿಂದಿರುಗುವಾಗ ತಿರುಗಿ ನೋಡಿದೆ. ಹನ್ನೊಂದು ಬಾಗಿಲುಗಳೂ ಹಾಗೆಯೇ ಮುಚ್ಚಿದ್ದವು. ನಾಳೆ ಬಂದವರಿಗೆ ಇದ್ದದ್ದನ್ನೇ ಹೇಳುವುದೆಂದು, ತಪ್ಪು ನನ್ನದೆಂದು ಬರೆದುಕೊಡುವುದೆಂದು ನಿರ್ಧರಿಸಿದೆ. ಆ ಪತ್ರವನ್ನು ಅಚ್ಚುಕಟ್ಟಾಗಿ ಬರೆದು ಚೀಲದಲ್ಲಿಟ್ಟುಕೊಂಡೆ.

ಗುರುವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಮಳೆ ನಿಂತಿತ್ತು. ಮೊದಲ ಮನೆಯ ಮುಂದೆ ಜನ ನೆರೆದಿದ್ದರು, ಅದರ ಬಾಗಿಲು ತೆರೆದಿತ್ತು. ಏನೋ ಕೆಡುಕಾಯಿತೆಂದು ಓಡಿದೆ. ಒಳಗೆ, ಇನ್ನೂ ಯಾರೂ ಕಾಲಿಡದಿದ್ದ ಕೆಂಪು ನೆಲದ ಮೇಲೆ ಸಣ್ಣಮ್ಮನ ಕೆಂದ ಹಸು ನಿಂತಿತ್ತು. ಅದರ ಕಾಲ ಬುಡದಲ್ಲಿ, ಒದ್ದೆ ಮೈಯ ಕರುವೊಂದು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಏಳಲು ಹೆಣಗುತ್ತಿತ್ತು.

“ಬಾಗ್ಲಿಗೆ ಬೀಗ ಹಾಕಿರ್ನಿಲ್ವೋ ಏನೋ, ಹಗ್ಗ ಬಿಚ್ಕೊಂಡು ತಾನೇ ಒಳಕ್ಕೋಗದೆ ಕಣಕ್ಕ,” ಎಂದಳು ಸಣ್ಣಮ್ಮ. ಅವಳ ಕಣ್ಣಲ್ಲಿ ಭಯವೂ ಇತ್ತು, ನಗುವೂ ಇತ್ತು. “ಆಚೆಗೆ ಹೊಡೆಯೋಣ ಅಂದ್ರೆ ಆಗ್ಲೇ ನೋವು ತಿಂತಿತ್ತು.”

ಎಲ್ಲರೂ ತಾಯಮ್ಮಜ್ಜಿಗಾಗಿ ದಾರಿ ಬಿಟ್ಟರು. ಅವಳು ಹೊಸಿಲಾಚೆ ನಿಂತು ಹಸುವನ್ನು ನೋಡಿದಳು, ಕರುವನ್ನು ನೋಡಿದಳು, ಸೊಂಟದ ಮೇಲೆ ಕೈಯಿಟ್ಟು ಎಲ್ಲರ ಕಡೆ ತಿರುಗಿದಳು.

“ಮನೆ ಒಕ್ಲಲ್ಲಿ ಮೊದ್ಲು ಒಳಗೆ ಹೋಗೋರು ಯಾರು?”

“ಹಸ,” ಎಂದರು ಯಾರೋ.

“ಹೋಗಾಯ್ತಲ್ಲ. ನಾವು ಹೊಡ್ಕೊಂಡು ಹೋದ್ವಾ? ಇಲ್ಲ. ದನಕ್ಕೆ ಪಂಚಾಂಗ ಓದೋಕೆ ಬತ್ತದಾ? ಇಲ್ಲ. ಮಾಲಕ್ಷ್ಮಿ ಹೆತ್ತು ನಿಂತವ್ಳೆ, ಹೊರಗೆ ಹೋಗಮ್ಮ, ಶ್ರಾವಣ ಬರ್ಲಿ ಅನ್ನೋಕಾಯ್ತದಾ?” ಅವಳು ಬಲಗಾಲಿಟ್ಟು ಹೊಸಿಲು ದಾಟಿದಳು.

“ಅದು ನಿನ್ ಮನೆ ಆಯ್ತು. ನಮ್ದು?” ಎಂದಳು ಪಕ್ಕದ ಮನೆಯವಳು.

“ಇಟ್ಟಿಗೆ ಉಳಿಸೋಕೆ ಮೇಸ್ತ್ರಿ ನಿಂಗೂ ನಂಗೂ ಒಂದೇ ಗೋಡೆ ಇಟ್ಟವ್ನೆ ಅಂತ ಮೂರು ತಿಂಗ್ಳಿಂದ ಬೈತಿದ್ಯಲ್ಲೇ. ಒಂದೇ ಗೋಡೆ ಅಂದ್ಮೇಲೆ ಒಂದೇ ಮನೆ. ಹೋಗು, ಪಾತ್ರೆ ತಾ.”

ಅಷ್ಟೇ ಬೇಕಿತ್ತು. ಏರಿಯ ಮೇಲಿಂದ ಕೊಡ, ಚಾಪೆ, ಟ್ರಂಕು, ದೇವರ ಪಟ, ಮಲಗಿದ್ದ ಮಕ್ಕಳು, ಎಲ್ಲ ಇಳಿದು ಬಂದವು. ಹಿಂದಿನ ಸಾಲಿನವರೂ ಹೊತ್ತರು; ಸಣ್ಣಮ್ಮನಂತೂ ಒಂದೇ ಸಲಕ್ಕೆ ಮೂರು ಮನೆಯ ಪಾತ್ರೆ ತಂದಳು. ಒಂದೊಂದಾಗಿ ನೀಲಿ ಬಾಗಿಲುಗಳು ತೆರೆದವು. ಹತ್ತೂವರೆಗೆ ಹನ್ನೊಂದು ಒಲೆಗಳಲ್ಲೂ ಬೆಂಕಿ ಇತ್ತು, ಬೂದಿ ಇನ್ನೂ ಆಗಿರಲಿಲ್ಲ.

ಫಿಲೋಮಿನಾ ಮೇಡಂ ಕರೆತಂದ ಟ್ರಸ್ಟಿನ ಅಧಿಕಾರಿ ಪದ್ಮನಾಭಯ್ಯನೆಂಬ ವಯಸ್ಸಾದ ಕೃಶ ಮನುಷ್ಯ. ಮನೆಯಿಂದ ಮನೆಗೆ ಹೋಗಿ ಒಲೆ ನೋಡಿದರು, ಮಕ್ಕಳ ಹೆಸರು ಕೇಳಿದರು. ಕೊನೆಗೆ ತಾಯಮ್ಮಜ್ಜಿಯ ಬಾಗಿಲಿಗೆ ಬಂದು ಕರುವನ್ನು ಕಂಡು ನಿಂತರು.

“ಯಾವತ್ತು ಬಂದ್ರಿ ಅಜ್ಜಿ ಇಲ್ಲಿಗೆ?”

ನಾನು ಚೀಲದಲ್ಲಿದ್ದ ಪತ್ರಕ್ಕೆ ಕೈ ಹಾಕಿದೆ.

“ಇವತ್ತು ಬೆಳಿಗ್ಗೆ ಸೋಮಿ.”

“ಆಷಾಢದಲ್ಲಾ?” ಅವರು ಕನ್ನಡಕ ತೆಗೆದರು. “ನಾನು ಆಫೀಸಿನಲ್ಲಿ ಬಡ್ಕೊಂಡೆ, ಈ ತಿಂಗಳು ಹೋದ್ರೆ ಖಾಲಿ ಮನೆ ನೋಡ್ಬೇಕಾಗುತ್ತೆ ಅಂತ. ಯಾರೂ ಕೇಳ್ಲಿಲ್ಲ. ಏನು ಬರೀಲಿ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಾ ಬಂದೆ.”

“ಹಸ ಹೊಕ್ಕ ಮೇಲೆ ಆಸಾಡ ಏನು ಮಾಡ್ತದೆ ಸೋಮಿ. ಕುಂತ್ಕೊಳಿ. ಗಿಣ್ಣು ಆಯ್ತಾ ಬಂತು.”

ಅವರು ಕುಳಿತರು. ಹೊಸ ಹಾಲಿನ ಗಿಣ್ಣನ್ನು ಮುತ್ತುಗದೆಲೆಯಲ್ಲಿ ಹಾಕಿಸಿಕೊಂಡು, ಬೆಲ್ಲ ಸ್ವಲ್ಪ ಹೆಚ್ಚಾಯಿತೆಂದು ಹೇಳಿ ಎರಡನೆಯ ಸಲ ಹಾಕಿಸಿಕೊಂಡರು. ಆಮೇಲೆ ಮೊಣಕಾಲ ಮೇಲೆ ಕಾಗದವಿಟ್ಟು ಸಹಿ ಮಾಡಿದರು. ಫಿಲೋಮಿನಾ ಮೇಡಂ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಉಂಗುರ ಚರ್ಮಕ್ಕೆ ಒತ್ತಿತ್ತು. ಹಿಂದಿನ ಸಾಲಿಗೆ ಹೆಂಚು ಬರುತ್ತದೆ. ಎಷ್ಟೋ ದಿನಗಳ ಮೇಲೆ ನನ್ನ ಉಸಿರು ಹೊಟ್ಟೆಯ ತನಕ ಇಳಿಯಿತು.

ಚೀಲದಲ್ಲಿದ್ದ ಪತ್ರವನ್ನು ಹರಿದು ಒಲೆಗೆ ಹಾಕಿ, ಗಾಳಿಗೆಂದು ಹೊರಗೆ ಬಂದೆ. ಸೂರಿನ ಕೆಳಗೆ, ಮಳೆ ತಾಕದ ಒಣ ಪಟ್ಟಿಯಲ್ಲಿ ಏನೋ ಚೆಲ್ಲಿತ್ತು. ಬಗ್ಗಿ ನೋಡಿದೆ. ಹಸು ನೆಕ್ಕಿ ಉಳಿಸಿದ ಅಕ್ಕಿತೌಡು, ಅದರ ನಡುವೆ ಬೆಲ್ಲದ ಪುಡಿ. ಹಸು ಕಟ್ಟುತ್ತಿದ್ದ ಗೂಟದ ಕಡೆಯಿಂದ ಒಂದೊಂದು ಹಿಡಿಯಂತೆ ಗೋಡೆಗುಂಟ ಬಂದು, ಅದು ತಾಯಮ್ಮಜ್ಜಿಯ ಹೊಸಿಲಲ್ಲಿ ಮುಗಿದಿತ್ತು.

ತಲೆಯೆತ್ತಿದೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು, ಸೆರಗಿನ ತುದಿಗೆ ತೌಡಿನ ಧೂಳು ಮೆತ್ತಿತ್ತು. ನನ್ನನ್ನು ನೋಡಿ ಆಕಾಶದ ಕಡೆ ಮುಖ ತಿರುಗಿಸಿದಳು.

“ಏನ್ ನೋಡ್ತೀಯೆ ನೆಲದಲ್ಲಿ? ಒಳಗೆ ಬಾ, ಗಿಣ್ಣು ಆರೋಯ್ತದೆ.”

ಪದ್ಮನಾಭಯ್ಯನವರು ಹೊರಡಲೆಂದು ಒಳಗೆ ಏಳುತ್ತಿದ್ದರು. ಅವರ ಕಣ್ಣಿಗೆ ಬೀಳುವ ಮುನ್ನ ತೌಡನ್ನು ಕಾಲಿನಿಂದ ಸರಿಸಿಬಿಡೋಣವೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಸೂರಿನಿಂದ ಎರಡು ಗುಬ್ಬಿಗಳು ಇಳಿದವು, ಅವುಗಳ ಹಿಂದೆ ಇನ್ನೂ ನಾಲ್ಕು. ಗೂಟದ ಕಡೆಯಿಂದ ಹಿಡಿದು ಹೊಸಿಲಿನವರೆಗೆ ಅವು ಕುಪ್ಪಳಿಸುತ್ತ ಬಂದವು. ಅವು ಹಾದ ಕಡೆಯಲ್ಲೆಲ್ಲ ನೆಲ ಸಾರಿಸಿದಷ್ಟು ಚೊಕ್ಕವಾಗಿತ್ತು.